ಕೊಪ್ಪರಿಗೆಗೆ ಇಳಿದ ಶಂಭುಲಿಂಗ

ಹೊಳೆದಂಡೆಯ ಮೇಲೊಂದು ಮಠ. ಅಲ್ಲಿನ ಸ್ವಾಮಿಗಳನ್ನು ಊರವರು ಅಜ್ಜಾರು ಎನ್ನುತ್ತಿದ್ದರು. ಅಜ್ಜಾರಿಗೆ ಮಾತು ಕಡಿಮೆ. ಆ ಕೊರತೆ ತುಂಬಲಿಕ್ಕೆಂದೇ ದೇವರು ಅವರಿಗೆ ಶಂಭುಲಿಂಗನೆಂಬ ಶಿಷ್ಯನನ್ನು ಕೊಟ್ಟಿದ್ದ.

ಊರಿನ ಕಲಾಯಿ ಫಕೀರಪ್ಪ ತೀರಿಕೊಂಡ. ಸುತ್ತ ಹತ್ತು ಹಳ್ಳಿಯ ತಾಮ್ರದ ಪಾತ್ರೆಗಳಿಗೆ ಒಳಗೆ ತವರ ಹಚ್ಚಿ ಬೆಳ್ಳಗೆ ಮಾಡುತ್ತಿದ್ದವನು ಅವನೊಬ್ಬನೇ. ಹನ್ನೊಂದನೆಯ ದಿನ ಮಠದಲ್ಲೇ ಊಟ, ಊಟಕ್ಕೆ ಮುಂಚೆ ಅವನ ನೆನಪಿನಲ್ಲಿ ನಾಲ್ಕು ಮಾತು ಎಂದು ಊರು ಗೊತ್ತು ಮಾಡಿತು.

"ಮಾತು ನೀ ಆಡು," ಎಂದರು ಅಜ್ಜಾರು.

ಶಂಭುಲಿಂಗ ಏಳು ವರ್ಷ ಮಠದ ಅಂಗಳ ಗುಡಿಸಿದ್ದ. ಮೈಕು ಒಂದು ಸಲವೂ ಕೈಗೆ ಸಿಕ್ಕಿರಲಿಲ್ಲ. ಎರಡು ದಿನ ಕೂತು ನಾಲ್ಕು ಹಾಳೆ ಬರೆದ. ಹತ್ತನೆಯ ದಿನ ಬೆಳಗ್ಗೆ ಗುರುವಿನ ಮುಂದೆ ಓದಿದ.

"ಫಕೀರಪ್ಪನವರು ತ್ಯಾಗಮೂರ್ತಿಗಳು. ನಿಷ್ಕಾಮ ಕರ್ಮಯೋಗಿಗಳು. ಮಿತಭಾಷಿಗಳು. ಅಜಾತಶತ್ರುಗಳು."

ಅಜ್ಜಾರು ಕಣ್ಣು ಮುಚ್ಚಿ ಕೇಳಿದರು. "ಅವನ ಹೆಸರು ತಗದು ನನ್ನ ಹೆಸರು ಹಾಕಿ ಓದು."

ಓದಿದ. ಸರಿಯಾಗಿ ಕೂತಿತು.

"ಈಗ ಗೌಡರ ಕೋಣದ ಹೆಸರು ಹಾಕು."

ಶಂಭುಲಿಂಗ ತಡವರಿಸಿದ. ಕೋಣ ಮಿತಭಾಷಿಯೇನೋ ಹೌದು. ಅಜಾತಶತ್ರು ಎನ್ನುವಲ್ಲಿ ಮಾತ್ರ ಸ್ವಲ್ಪ ತೊಡಕಿತ್ತು. ಹೋದ ವಾರವಷ್ಟೇ ಅದು ಪೋಸ್ಟಮನ್ನನ್ನು ಸೈಕಲ್ ಸಮೇತ ಹೊಳೆಗೆ ಕೆಡವಿತ್ತು.

"ಫಕೀರಪ್ಪಗೊಬ್ಬಗ ಹೊಂದೂವಂಥ ಒಂದು ಮಾತು ತಾ," ಎಂದರು ಅಜ್ಜಾರು. "ಸಿಗಲಿಲ್ಲಂದ್ರ ನಾಳೆ ಮೈಕ್ ಮುಟ್ಟಬ್ಯಾಡ."

"ಎಲ್ಲಿಂದ ತರಲಿ ಅಜ್ಜಾರ?"

"ಮಠದ ಕೊಪ್ಪರಿಗಿ ಕಲಾಯಿ ಹೋಗೇತಿ. ಹಂಗ ಸಾರು ಕುದಿಸಿದ್ರ ಕಿಲುಬು ಹಿಡದು ಊರಿಗೆ ಊರ ವಾಂತಿ ಮಾಡತೈತಿ. ಉರುಳಿಸಿಕೊಂಡು ಫಕೀರಪ್ಪನ ಮನೀಗೆ ಹೋಗು."

"ಕಲಾಯಿ ಹಾಕವರು ಸತ್ತಾರಲ್ರೀ."

"ಅದಕ್ಕ ನಿನ್ನ ಕಳಸಾಕತ್ತೇನಿ."

ಮಠದ ಕೊಪ್ಪರಿಗೆ ಅಂದರೆ ಒಳಗೆ ಇಬ್ಬರು ಎದುರುಬದುರು ಕೂತು ಚೌಕಾಬಾರ ಆಡಬಹುದು, ಅಷ್ಟು ದೊಡ್ಡದು. ಅದನ್ನು ಓಣಿಯುದ್ದಕ್ಕೂ ಉರುಳಿಸಿಕೊಂಡು ಹೋಗುವಾಗ ಊರ ನಾಯಿಗಳೆಲ್ಲ ಶಂಭುಲಿಂಗನಿಗೆ ಮರ್ಯಾದೆ ಸಲ್ಲಿಸಿದವು.

ಫಕೀರಪ್ಪನ ಅಂಗಳದಲ್ಲಿ ಅವನ ಹೆಂಡತಿ ದ್ಯಾಮವ್ವ ಬೇಳೆ ಹಸನು ಮಾಡುತ್ತಿದ್ದಳು. ಗೋಡೆಗೆ ಒರಗಿ ದಾವಲಸಾಬ ಕೂತಿದ್ದ. ಮೂವತ್ತು ವರ್ಷ ಫಕೀರಪ್ಪನ ಒಲೆಗೆ ತಿದಿ ಊದಿದವನು, ಅವನ ಜೀವದ ಗೆಳೆಯ.

"ಅವ್ವಾ, ಯಜಮಾನರ ಬಗ್ಗೆ ಒಂದು ಮಾತು ಹೇಳ್ರಿ," ಎಂದ ಶಂಭುಲಿಂಗ. "ಮಿತಭಾಷಿಗಳು ಅಂತ ಆಗಲೇ ಬರದೇನಿ."

"ಹಂಗಂದ್ರ?"

"ಕಡಿಮಿ ಮಾತಾಡವರು."

ದ್ಯಾಮವ್ವ ದಾವಲಸಾಬನ ಮುಖ ನೋಡಿದಳು. "ಅಣ್ಣಾ, ಸ್ವಾಮ್ಯಾರು ಯಾರದೋ ಮನೀಗೆ ಹೋಗೂದು ತಪ್ಪಿ ಇಲ್ಲಿಗೆ ಬಂದಾರ."

ದಾವಲಸಾಬ ಕೊಪ್ಪರಿಗೆಯೊಳಗೆ ಇಣುಕಿದ. "ತವರ ಹಚ್ಚಾಕ ನನಗ ಬರತೈತಿ. ತಿಕ್ಕೂದು ಆಗಂಗಿಲ್ಲ, ಮೊಣಕಾಲು ಹೋಗ್ಯಾವ. ನೀವು ಇಳೀರಿ."

ದೊಡ್ಡ ಪಾತ್ರೆಯನ್ನು ಕೈಯಲ್ಲಿ ತಿಕ್ಕುವುದಿಲ್ಲ. ಒಳಗೆ ಉಸುಕು, ಗೋಣಿಚೂರು ಹಾಕಿ, ಬರಿಗಾಲಲ್ಲಿ ನಿಂತು, ನಡು ತಿರುವಿ ತಿರುವಿ ಅಂಗಾಲಿನಿಂದಲೇ ಉಜ್ಜಬೇಕು. ದೂರದಿಂದ ನೋಡಿದವರಿಗೆ ದೆವ್ವ ಹಿಡಿದಂತೆ ಕಾಣುತ್ತದೆ.

"ಮಠದ ಶಿಷ್ಯ ನಾನು. ಹಿಂಗ ಕುಣಿಯೂದು ಚಂದ ಕಾಣಂಗಿಲ್ಲ."

"ಕೊಪ್ಪರಿಗಿಗೆ ಅದೆಲ್ಲಾ ಗೊತ್ತಾಗಂಗಿಲ್ರೀ," ಎಂದ ದಾವಲಸಾಬ.

ಶಂಭುಲಿಂಗ ಧೋತರ ಎತ್ತಿಕಟ್ಟಿ ಇಳಿದ. ಮೂರು ತಿರುವು ತಿರುವಿದ, ಬಿದ್ದ. ಎದ್ದ, ಬಿದ್ದ. ಮೂರನೆಯ ಸಲ ಗದ್ದ ಅಂಚಿಗೆ ಬಡಿದು ಕೊಪ್ಪರಿಗೆ ಗುಡಿಯ ಗಂಟೆಯ ಹಾಗೆ ಮೊಳಗಿತು.

"ಅವರೂ ಹಿಂಗ ಬೀಳತಿದ್ರೇನವ್ವಾ?"

"ಅವನ್ನ ಹಿಡಕೊಳ್ಳಾಕ ನಾ ಇದ್ನೆಲ್ಲ." ದ್ಯಾಮವ್ವ ಮೊರ ಕೆಳಗಿಟ್ಟು ಎದ್ದು ಬಂದಳು. "ಲಗ್ನದಾಗ ಕೈ ಹಿಡಿದದ್ದು ಒಂದು ಸಲ. ಕೊಪ್ಪರಿಗ್ಯಾಗ ಹಿಡಿದದ್ದು ಮೂವತ್ತು ವರ್ಷ. ಕೊಡ್ರಿ ಇಲ್ಲಿ ಕೈ. ನನ್ನ ಮಗಳಿಗಿಂತ ಸಣ್ಣವರು ನೀವು, ನಾಚಬ್ಯಾಡ್ರಿ."

ಅವಳು ಹಿಡಿದ ಮೇಲೆ ಕಾಲು ನಿಂತಿತು.

"ಸುಮ್ಮನ ತಿರುಗಬ್ಯಾಡ್ರಿ, ತಾಳ ತಪ್ಪತೈತಿ. ಅವ ತಿರುವಿಗೊಂದು ಶಿವ ಅಂತಿದ್ದ. ಮೂರು ಶಿವಕ್ಕ ಒಂದು ಚಾಡಿ."

"ಚಾಡಿ?"

"'ಶಿವಾ, ಇವತ್ತ ಇಕಿ ಸಾರಿಗೆ ಉಪ್ಪು ಹಾಕಿಲ್ಲ. ಶಿವಾ, ಮಗಳಿಗೆ ಇಕಿ ಸಿಟ್ಟು ಬರದಂಗ ನೋಡಕೋ.' ಹೇಳೂದು ಶಿವಗ, ಕೇಳಿಸೂದು ನನಗ. ದೇವರ ಜಗಲಿ ಮುಂದ ಕೂತು ಕೈ ಮುಗದದ್ದು ನಾ ಕಾಣೆ. ಅವನ ಪೂಜಿ ಇಷ್ಟ."

"ನೀವೇನಂತಿದ್ರಿ?"

"ಕೈ ಬಿಡತಿದ್ದೆ."

ಉಜ್ಜಿದ್ದಾಯಿತು. ದಾವಲಸಾಬ ಇದ್ದಿಲ ಮೇಲೆ ಕೊಪ್ಪರಿಗೆ ಏರಿಸಿ, ನವಸಾಗರದ ಪುಡಿ ಉದುರಿಸಿ, ಬಿಳಿ ಹೊಗೆ ಏಳುತ್ತಲೇ ತವರ ಮುಟ್ಟಿಸಿ ಅರಳೆಯಿಂದ ಎಳೆದ. ಅರ್ಧ ಪಾತ್ರೆ ಬೆಳ್ಳಿಯಾಗಿ ಹೊಳೆಯುವಷ್ಟರಲ್ಲಿ ಮಸೀದಿಯಿಂದ ಬಾಂಗು ಕೇಳಿಸಿತು. ಅವನು ಕೈ ಒರೆಸಿಕೊಂಡು ಎದ್ದ.

"ತಿದಿ ಹಿಡೀರಿ. ನಮಾಜು ಮುಗಿಸಿ ಬರತೇನಿ."

"ನನಗ ಬರಂಗಿಲ್ಲ."

"ಫಕೀರನಿಗೂ ಬರತಿರಲಿಲ್ಲ. ನಾ ಬರೂತನಕ ಬೆಂಕಿ ಆರಬಾರದಂತ ಸಿಕ್ಕಂಗ ಊದಿ ತವರ ಸುಡತಿದ್ದ. ಮೂವತ್ತು ವರ್ಷದಾಗ ಒಂದು ಸಲಾನೂ ನೆಟ್ಟಗ ಊದಲಿಲ್ಲ ಆ ಮನಿಷ್ಯಾ. ನಂದೂ ಒಂದು ನಮಾಜು ತಪ್ಪಲಿಲ್ಲ."

ಶಂಭುಲಿಂಗ ಊದಿದ. ದಾವಲಸಾಬ ಬಂದು ನೋಡಿದಾಗ ಹಚ್ಚಿದ ತವರವೆಲ್ಲ ಕಪ್ಪಾಗಿತ್ತು.

"ಥೇಟ್ ಅವನಂಗ ಹಾಳ ಮಾಡೀರಿ," ಎಂದ. ಆಮೇಲೆ ಇದ್ದಿಲ ಮೇಲಿಂದ ಕೊಪ್ಪರಿಗೆ ಇಳಿಸಿ ಆರಲಿಕ್ಕೆ ಬಿಟ್ಟ.

"ಇಳೀರಿ ಮತ್ತ," ಎಂದಳು ದ್ಯಾಮವ್ವ, ಕೈ ಚಾಚಿ.

ಸಂಜೆ ಮುಂದೆ ಶಂಭುಲಿಂಗ ಕುಂಟುತ್ತ ಕೊಪ್ಪರಿಗೆಯ ಜೊತೆ ಮಠಕ್ಕೆ ಬಂದ.

"ಸಿಕ್ಕಿತೇನು?" ಎಂದರು ಅಜ್ಜಾರು.

"ಮೈತುಂಬ ಸಿಕ್ಕೈತಿ ಅಜ್ಜಾರ. ಎಲ್ಲಿಂದ ಸುರು ಮಾಡಲಿ ತಿಳೀವಲ್ದು."

ಮರುದಿನ ಊರೆಲ್ಲ ಸೇರಿತು. ಕಾಲು ಬಾತಿತ್ತು, ಗದ್ದಕ್ಕೆ ಅರಿಸಿನ ಮೆತ್ತಿತ್ತು, ಆದರೂ ಶಂಭುಲಿಂಗ ಮೈಕಿನ ಮುಂದೆ ನೆಟ್ಟಗೆ ನಿಂತ.

"ಫಕೀರಪ್ಪ ಶಿವನ ಮುಂದ ಹೆಂಡತೀ ಚಾಡಿ ಹೇಳತಿದ್ದ," ಎಂದ. "ಹೆಂಡತೀ ಕೈ ಹಿಡಕೊಂಡ ಹೇಳತಿದ್ದ."

ಪೆಂಡಾಲಿನ ತಲೆಗಳೆಲ್ಲ ದ್ಯಾಮವ್ವನ ಕಡೆ ತಿರುಗಿದವು. ಹಿಂದಿನಿಂದ ಒಬ್ಬ ಮುದುಕ ಅಂದ, "ಖರೆ ಐತಿ. ಒಮ್ಮೆ ಇಕಿ ಕೈ ಬಿಟ್ಟಾಗ ನಮ್ಮ ಹಂಡೇದಾಗ ಬಿದ್ದು, ಹೊರಗ ಬರೂದಿಲ್ಲಂತ ಅಲ್ಲೇ ಕೂತಿದ್ದ."

"ಅದು ನಮ್ಮ ಹಂಡೆ," ಎಂದಳು ಇನ್ನೊಬ್ಬಾಕೆ. "ಒಳಗ ಕೂತ ಚಾ ಕುಡದ."

"ಎರಡೂ ಖರೆ," ಎಂದಳು ದ್ಯಾಮವ್ವ ಹೆಂಗಸರ ನಡುವಿನಿಂದ. "ನಾಕು ಸಲ ಬಿದ್ದಾನ. ನಾಕೂ ನಾನ ಬೀಳಿಸೇನಿ."

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಮಗಳ ಲಗ್ನದಲ್ಲಿ ಫಕೀರಪ್ಪ ಅಳಿಯನ ಕೈಗೆ ಉಂಗುರದ ಬದಲು ತವರದ ಚೂರು ತುರುಕಿದ್ದನ್ನು ಒಬ್ಬ ಹೇಳಿದ. ದಾವಲಸಾಬನೂ ಏನೋ ಹೇಳಲಿಕ್ಕೆ ಎದ್ದ. ನಗು ಬಂತು, ಟವಲಿನಿಂದ ಕಣ್ಣು ಒರೆಸಿಕೊಂಡ, ಅರ್ಧಕ್ಕೇ ಕೂತ. ಅವನ ಪಕ್ಕದವನು ಅಲ್ಲಿಂದ ಮುಂದಕ್ಕೆ ಹೇಳಿದ. ಸಾರು ಆರಿತು, ಯಾರೂ ಏಳಲಿಲ್ಲ. ಮೈಕು ಹಿಡಿದು ನಿಂತವನನ್ನು ಯಾರೂ ತಿರುಗಿ ನೋಡಲೂ ಇಲ್ಲ.

ಊಟ ಮುಗಿದು ಜನ ಚದುರಿದ ಮೇಲೆ ಶಂಭುಲಿಂಗ ಗುರುವಿನ ಹತ್ತಿರ ಬಂದು ಕೂತ. ಮುಖ ಸಣ್ಣದಾಗಿತ್ತು.

"ಒಂದ ಮಾತಿಗೆ ಎಲ್ಲಾರೂ ಕಸಗೊಂಡ್ರು ಅಜ್ಜಾರ. ನನಗ ಪೂರಾ ಮಾಡಾಕ ಬಿಡಲಿಲ್ಲ."

ಅಜ್ಜಾರು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು.

"ನೀ ಪೂರಾ ಮಾಡಿದ್ದರ ಅವ ಇವತ್ತ ಸಾಯತಿದ್ದ."