ವ್ಯಾಯಾಮ ಮಾಡದವರ ಪಟ್ಟಿ

ಆ ಕಾಲೇಜಿನಲ್ಲಿ ಲಿಫ್ಟ್ ಇರಲಿಲ್ಲ. ಮೂರನೇ ಮಹಡಿಯ ಪ್ರಯೋಗಾಲಯಕ್ಕೆ ಹನ್ನೆರಡು ವರ್ಷದಿಂದ ಸಾಮಾನು ಹೊರುತ್ತಿದ್ದವಳು ಅಟೆಂಡರ್ ದ್ಯಾವಮ್ಮ. ಸ್ನಾಯುಬಲದ ಮೇಲೆ ಸಂಶೋಧನೆ ಮಾಡುತ್ತಿದ್ದ ಪ್ರೊಫೆಸರ್ ಶ್ರೀಕಂಠಯ್ಯ ಒಂದು ದಿನ ಅವಳನ್ನೂ ಕೂರಿಸಿ ಫಾರಂ ತುಂಬಿದರು.

"ವ್ಯಾಯಾಮ ಮಾಡ್ತೀಯಾ?"

"ಇಲ್ಲ ಸಾರ್. ಕೆಲಸ ಮಾಡ್ತೀನಿ."

"ಕೆಲಸಕ್ಕೆ ಇದರಲ್ಲಿ ಕಾಲಂ ಇಲ್ಲ," ಎಂದು ಅವಳನ್ನು ವ್ಯಾಯಾಮ ಮಾಡದವರ ಪಟ್ಟಿಗೆ ಸೇರಿಸಿದರು. ಆಮೇಲೆ ಕೈಹಿಡಿತ ಅಳೆಯುವ ಯಂತ್ರ ಕೊಟ್ಟರು. ಅವಳು ಹಿಂಡಿದಳು. ದಿನಾ ಜಿಮ್‌ಗೆ ಹೋಗುವ ಪ್ರೊಫೆಸರರ ಅಂಕಿಯನ್ನೂ ಮುಳ್ಳು ದಾಟಿತು.

ಅವರ ಮುಖ ಕಪ್ಪಿಟ್ಟಿತು. "ನನ್ನ ಸಂಶೋಧನೆ ಕೆಡುತ್ತೆ. ಮೆತ್ತಗೆ ಹಿಂಡು."

ದ್ಯಾವಮ್ಮ ಮೆತ್ತಗೆ ಹಿಂಡಿದಳು. 'ದುರ್ಬಲ' ಎಂದು ಬರೆದು ಅವಳ ಸಹಿ ಹಾಕಿಸಿಕೊಂಡರು.

ಮರುದಿನ ಕಬ್ಬಿಣದ ತೂಕಗಳ ಪೆಟ್ಟಿಗೆ ಬಂತು. "ಮೇಲಕ್ಕೆ ಹೊತ್ಕೊಂಡು ಹೋಗು," ಎಂದರು.

"ನಾನು ದುರ್ಬಲ ಅಂತ ನೀವೇ ಬರೆದಿದ್ದೀರಲ್ಲ ಸಾರ್. ಬಲ ಇರೋರ ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮದೇ."

ವಿದ್ಯಾರ್ಥಿಗಳು ನೋಡುತ್ತಿದ್ದರು. ಪ್ರೊಫೆಸರ್ ಪೆಟ್ಟಿಗೆ ಎತ್ತಿಕೊಂಡು ಹೊರಟರು. ಮೊದಲನೇ ತಿರುವಿನಲ್ಲೇ ಏದುಸಿರು ಬಿಡುತ್ತಾ ಮೆಟ್ಟಿಲ ಮೇಲೆ ಕುಸಿದು ಕೂತರು.

ಪಟ್ಟಿಯನ್ನು ಅವರು ತಿದ್ದಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ, ಲಿಫ್ಟ್ ಬೇಕೆಂದು ಅರ್ಜಿ ಬರೆದರು. ಕಾರಣ ಎಂಬಲ್ಲಿ ಹೀಗಿತ್ತು: "ಮೆಟ್ಟಿಲ ಮೇಲೆ ಯಂತ್ರಗಳಿಗೆ ಪೆಟ್ಟಾಗುತ್ತದೆ."