ಚೆನ್ನಂಜಯ್ಯನವರು ಬಿಸಿನೀರು ಮಿಂದ ದಿನ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಬುಧವಾರ, ನಾಲ್ಕನೇ ಕ್ಲಾಸಿನ ಪರೀಕ್ಷೆಯ ಹಿಂದಿನ ದಿನ. ಆಮೇಲೆ ಲಾರಿ ತೊಳೆದೆ, ದನ ಕಾಯ್ದೆ, ಗಾರೆ ಕಲಸಿದೆ. ಎಲ್ಲೂ ವರ್ಷ ತುಂಬಲಿಲ್ಲ. ನಲವತ್ತು ದಾಟಿದ ಮೇಲೆ ಕಾಲು ಹೋಗಿ ನಿಂತದ್ದು ಪೂಜ್ಯ ಚೆನ್ನಂಜಯ್ಯನವರ ಸನ್ನಿಧಿಯಲ್ಲಿ.

ಚಾಮರಾಜನಗರದ ಕಡೆಯ ಕಾಡಂಚಿನ ಬೆಟ್ಟದ ಮೇಲೆ ಒಂದು ಹಂಚಿನ ಕೋಣೆ, ಪಕ್ಕದಲ್ಲಿ ಲಿಂಗದ ಗುಡಿ, ಎದುರಿಗೆ ಕಲ್ಲುಕೊಳ. ಅಷ್ಟೇ ಅವರ ಮಠ. ಕೊಳದಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲೇ ಗುಡಿ ಹತ್ತಬೇಕೆಂಬ ಕಟ್ಟಳೆ ಮಾಡಿದವರು ಅವರೇ. ಮೂವತ್ತು ವರ್ಷ ತಾವು ಒಂದು ದಿನವೂ ತಪ್ಪಿಸಿದವರಲ್ಲ. ಬಂದ ಭಕ್ತರನ್ನು ಕೊಳಕ್ಕೆ ಇಳಿಸುವ ಕೆಲಸ ನನ್ನದಾಗಿತ್ತು.

ಪುಷ್ಯಮಾಸದ ಒಂದು ಬೆಳಿಗ್ಗೆ, ಕಾಡೊಳಗಿನ ಪೋಡು ಎಂಬ ಸೋಲಿಗರ ಹಾಡಿಯಿಂದ ಬೊಮ್ಮಮ್ಮ ಎಂಬ ಹೆಂಗಸು ತನ್ನ ಸೊಸೆ ಕೇತಮ್ಮನನ್ನು ಕೈಹಿಡಿದು ಕರೆತಂದಳು. ಸೊಸೆಯ ಕಣ್ಣು ಅರಿಸಿನ ಬಳಿದ ಹಾಗಿತ್ತು.

"ಜ್ವರ ಇಲ್ಲ, ಗಾಯ ಇಲ್ಲ, ಮೂಳೆಮೂಳೆಗೂ ನೋವಂತೆ," ಎಂದಳು ಅತ್ತೆ. "ಸೌದೆಗೆ ಹೋಗು ಅಂದ್ರೂ ನೋವು, ನೀರಿಗೆ ಹೋಗು ಅಂದ್ರೂ ನೋವು. ಮೂರು ಸಲ ಮುಳುಗಿಸ್ತೀನಿ ಅಂತ ಹರಕೆ ಹೊತ್ತಿವ್ನಿ ಕಣಪ್ಪ."

ಕೇತಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಹಳದಿ ಕಾರ್ಡು ಚಾಚಿದಳು. "ಅಣ್ಣ, ತಣ್ಣೀರು ಬ್ಯಾಡ ಅಂದವ್ರೆ ಆಸ್ಪತ್ರೇಲಿ. ಇದ್ರಲ್ಲಿ ಬರ್ದದೆ."

ನಾನು ಓದಲಿಲ್ಲ. "ಓಹೋ, ಮಹಾರಾಣಿಗೆ ಹಂಡೆ ಕಾಯಿಸ್ಬೇಕೇನೋ! ನಮ್ ಬುದ್ಧಿಯೋರು ಎಪ್ಪತ್ತರಲ್ಲೂ ಮುಳುಗ್ತಾರೆ," ಎಂದೆ. ಅತ್ತೆ ನಕ್ಕಳು. ಸೊಸೆ ಕಾರ್ಡನ್ನು ಮೆಟ್ಟಿಲ ಮೇಲಿಟ್ಟು ಇಳಿದಳು; ಎರಡು ಸಲ ಮುಳುಗಿ, ಮೂರನೆಯದಕ್ಕೆ ಆಗದೆ ಕಾರ್ಡು ಹಿಡಿದು ಮೇಲೆ ಹತ್ತಿದಳು.

ಬಿಸಿಲು ಅಂಗಳಕ್ಕೆ ಬರುವಷ್ಟರಲ್ಲಿ ಅವಳು ಜಗಲಿಯ ಮೇಲೆ ಬಿದ್ದು ಹೊರಳುತ್ತಿದ್ದಳು. ಅಂಥ ಕೂಗನ್ನು ನಾನು ಯಾವ ಊರಲ್ಲೂ ಕೇಳಿರಲಿಲ್ಲ.

"ಮೈಯ ಗಾಳಿ ಬಿಡ್ತಾ ಅದೆ, ಅದ್ಕೇ ಅರಚ್ತಾಳೆ," ಎಂದಳು ಬೊಮ್ಮಮ್ಮ. "ಇನ್ನೊಂದು ಸಲ ಮುಳುಗಿಸಾನ, ಹಿಡ್ಕೊ!"

ನಾನು ಹೋಗಿ ತೋಳು ಹಿಡಿದೆ.

"ಬಿಡು."

ಪೂಜ್ಯರು ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಹತ್ತಿರ ಬಂದು, ಅವಳ ಮುಷ್ಟಿಯಲ್ಲಿದ್ದ ಕಾರ್ಡನ್ನು ಮೆಲ್ಲಗೆ ಬಿಡಿಸಿಕೊಂಡರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಕಾರ್ಡು ನನ್ನ ಕೈಗಿಟ್ಟರು. "ಓದು."

ಅಕ್ಷರ ಅಕ್ಷರ ಕೂಡಿಸಿ ಓದಿದೆ. ಸಿಕಲ್ ಸೆಲ್ ಕಾಯಿಲೆ. ತಂದೆ ತಾಯಿ ಇಬ್ಬರಿಂದಲೂ ಬರುವಂಥದ್ದು. ರಕ್ತದ ಕಣ ಕುಡುಗೋಲಿನ ಹಾಗೆ ಬಾಗಿ ನಾಳದಲ್ಲಿ ಸಿಕ್ಕಿಕೊಂಡಾಗ ತಡೆಯಲಾಗದ ನೋವು. ತಣ್ಣೀರು ಸ್ನಾನ ಬೇಡ. ಮೈ ಬೆಚ್ಚಗಿರಲಿ. ನೀರು ಹೆಚ್ಚು ಕುಡಿಯಲಿ. ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ.

ಪೂಜ್ಯರು ಕೊಳದ ಕಡೆ ತಿರುಗಿದರು. "ಕಟ್ಟಳೆ ನನ್ನದು. ಈ ನೋವು ನಾನೇ ಕೊಟ್ಟದ್ದು," ಎಂದರು.

ದರ್ಶನಕ್ಕೆ ಬಂದಿದ್ದ ಹೆಂಗಸರ ಕೈಲಿ ಅವಳಿಗೆ ಒಣಸೀರೆ ಉಡಿಸಿ, ತಮ್ಮ ಕಂಬಳಿ ಹೊದಿಸಿದರು. ಬರಿನೆಲದ ಮೇಲೆ ಕೂತು ಗುಟುಕು ಗುಟುಕಾಗಿ ನೀರು ಕುಡಿಸಿದರು. ಅವಳನ್ನು ಆಸ್ಪತ್ರೆಗೆ ಒಯ್ಯಲು ಹಾಲಿನ ವ್ಯಾನು ತರಲೆಂದು ನನ್ನನ್ನು ಕೆಳಗಿನ ಊರಿಗೆ ಓಡಿಸಿದರು.

ನಾನು ವ್ಯಾನಿನೊಡನೆ ಬಂದಾಗಲೂ ಬೊಮ್ಮಮ್ಮ ಅಡ್ಡ ನಿಂತಿದ್ದಳು. "ಬುದ್ಧೀ, ಹರಕೆ ಅರ್ಧಕ್ಕೆ ನಿಂತ್ರೆ ಲಿಂಗಪ್ಪ ಮುನೀತಾನೆ."

ಹಂಡೆಯ ಕೆಳಗೆ ಉರಿ ಹಚ್ಚಿಸಿದ್ದ ಪೂಜ್ಯರು ಎದ್ದರು. "ಮುನಿದರೆ ನನ್ನ ಮೇಲೆ ಮುನಿಯಲಿ."

ಹಬೆಯಾಡುವ ನೀರನ್ನು ಎಲ್ಲರೆದುರು ತಲೆಯ ಮೇಲೆ ಸುರಿದುಕೊಂಡರು. ಒಣಬಟ್ಟೆ ಉಟ್ಟು ಗುಡಿ ಹತ್ತಿದರು. ಗಂಟೆಯ ಸದ್ದು ಕೇಳಿತು. ಬೊಮ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡು ವ್ಯಾನು ಹತ್ತಿ, ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಕೇತಮ್ಮ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು, ರಕ್ತ ಹಾಕಿಸಿಕೊಂಡು ಬದುಕಿದಳು. ಇನ್ನೊಂದು ಸಲ ಮುಳುಗಿಸಿದ್ದರೆ ಏನಾಗುತ್ತಿತ್ತೋ ಹೇಳಲಾರೆ ಎಂದರು ಡಾಕ್ಟರು. ನಾನು ಬೆಟ್ಟಕ್ಕೆ ಬಂದು ಪೂಜ್ಯರ ಪಾದ ಹಿಡಿದೆ.

"ಕ್ಷಮೆ ಕೇಳಬೇಕಾದದ್ದು ಅವಳನ್ನು. ನಾನು ಕೇಳಿ ಬಂದೆ, ನೀನೂ ಕೇಳು," ಎಂದರು. "ಆಮೇಲೆ ಪೋಡು ಪೋಡಿಗೆ ನಡೆ. ಕಾರ್ಡಿನಲ್ಲಿರುವುದನ್ನು ಓದಿ ಹೇಳು. ರಕ್ತ ಪರೀಕ್ಷೆ ಮಾಡಿಸಲಿ."

ಕೇಳಿದೆ. ಕೇತಮ್ಮ ತಲೆಯಾಡಿಸಿದಳು.

ಮಾರನೆಯ ಬೆಳಿಗ್ಗೆ ಕಂಬಳಿ, ರಾಗಿಹಿಟ್ಟು, ನರ್ಸಮ್ಮ ಕೊಟ್ಟ ಒಂದು ಕಟ್ಟು ಕಾರ್ಡು ಗಂಟು ಕಟ್ಟುತ್ತಿದ್ದೆ. ಬೊಮ್ಮಮ್ಮ ಬಂದು ಎದುರಿಗೆ ಕುಕ್ಕರಿಸಿದಳು.

"ಮೊದ್ಲು ನನ್ ತಂಗಿ ಪೋಡಿಗೆ ಹೋಗಪ್ಪ," ಎಂದಳು. "ಅಲ್ಲೂ ಒಬ್ಳು ಸೋಮಾರಿ ಅನ್ನಿಸ್ಕೊಂಡವ್ಳೆ."