ಕಪ್ಪೆಯ ನಗು, ಬುಡದ ಮುದ್ರೆ

ಕಾರ್ಟೂನ್ ಸಿನಿಮಾಗಳ ಪಿಂಗಾಣಿ ಗೊಂಬೆ ಕೂಡಿಹಾಕುವ ವಜ್ರನಾಭ ಶೆಟ್ಟರ ಗಾಜಿನ ಬೀರುವಿಗೆ ಒಂದು ಕಪ್ಪೆ ಗೊಂಬೆ ಬಂತು. ಥೀಮ್ ಪಾರ್ಕಿನ ಅಂಗಡಿಯಲ್ಲಿದ್ದಾಗ ಅದರ ಬಾಯಗಲದ ನಗು ಕಂಡು ಅಳುವ ಮಕ್ಕಳೂ ನಗುತ್ತಿದ್ದವು. ಇಲ್ಲಿ ಶೆಟ್ಟರು ದಿನವೂ ಅದನ್ನು ಕೈಗೆತ್ತಿಕೊಂಡವರೇ ತಲೆಕೆಳಗು ಮಾಡಿ, ಅಸಲಿ ಮಾಲೆಂದು ಸಾರುವ ಬುಡದ ಕಂಪನಿ ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡಿ, ಮತ್ತೆ ಇಟ್ಟುಬಿಡುತ್ತಿದ್ದರು. ನೆಂಟರಿಗೆ ತೋರಿಸಿದ್ದೂ ಬುಡವನ್ನೇ.

ವರ್ಷ ಕಳೆದ ಮೇಲೆ ಕಪ್ಪೆ ಪಕ್ಕದ ಭೂತಗನ್ನಡಿಯನ್ನು ಕೇಳಿತು: “ಅಣ್ಣಾ, ಯಜಮಾನರು ಒಮ್ಮೆಯಾದರೂ ನನ್ನ ಮುಖ ನೋಡಿದ್ದಾರೆಯೇ?”

“ಅವರ ಕಣ್ಣಿಗೂ ನಿನಗೂ ನಡುವೆ ಇರುವವನೇ ನಾನು, ತಮ್ಮಾ. ನಿನ್ನ ಮುಖದ ಹತ್ತಿರ ನನ್ನನ್ನು ತಂದದ್ದೇ ಇಲ್ಲ. ಮುದ್ರೆ ಇದ್ದರೆ ಮಾಲು, ಇಲ್ಲದಿದ್ದರೆ ಮಣ್ಣು. ಸುಮ್ಮನೆ ಕೂತಿರು.”

“ಒಂದು ಸಲ ನೋಡಿದರೆ ಸಾಕು, ಅವರೂ ನಕ್ಕಾರು.”

“ನಗಲು ಬಲ್ಲವರು ಕೊಂಡಿದ್ದರೆ ನೀನು ಬೀರುವಿನಲ್ಲಿ ಇರುತ್ತಿದ್ದೆಯಾ?”

ಮರುದಿನ ಶೆಟ್ಟರು ಎತ್ತಿಕೊಂಡಾಗ, ಮುಖ ತೋರಿಸುವ ಆಸೆಗೆ ಕಪ್ಪೆ ಅವರ ಅಂಗೈಯಲ್ಲಿ ಹೊರಳಿತು. ಜಾರಿ ನೆಲಕ್ಕೆ ಬಿದ್ದು ಒಡೆಯಿತು. ಶೆಟ್ಟರು “ಅಯ್ಯೋ” ಎಂದು ಮಂಡಿಯೂರಿ ಚೂರುಗಳಲ್ಲಿ ತಡಕಾಡಿದರು. ಬುಡ ಸಿಕ್ಕಿತು. ಭೂತಗನ್ನಡಿ ಹಿಡಿದು ನೋಡಿದರು.

“ಸದ್ಯ, ಬದುಕಿದೆ! ಪದ್ಮಲತಾ, ಮುದ್ರೆಗೆ ಏನೂ ಆಗಿಲ್ಲ ಕಣೇ!” ಎಂದು ಹೆಂಡತಿಯನ್ನು ಕೂಗಿದರು.

ಬುಡವನ್ನು ಹತ್ತಿಯ ಮೇಲಿಟ್ಟು ಬೀರುವಿಗೆ ಬೀಗ ಹಾಕಿದರು. ಮುಖದ ಚೂರು ಗೋಡೆಯ ಬದಿಯಲ್ಲಿ ನಗುತ್ತಲೇ ಬಿದ್ದಿತ್ತು. ಪದ್ಮಲತಾ ಅದನ್ನು ಉಳಿದ ಕಸದೊಂದಿಗೆ ಮೊರಕ್ಕೆ ಗುಡಿಸಿಕೊಂಡರು.